ಜಂಬಮ್ಮಜ್ಜಿ ಆರ್ಕುಟ್‌ನಾಗ ಬಂದಿದ್ದು

ನನ್ನಂಥ ಹಲ್ಕಟ್ ಇನ್ನೊಬ್ಬ ಇರಂಗಿಲ್ಲ, ಮೊದಲಾ ಹೇಳಿಬಿಡ್ತೀನಿ. ಹೆಸರು ಸಲಾವುದ್ದೀನ್. ಬಳ್ಳಾರಿ ಕೌಲ್ ಬಜಾರದಾವ, ಕಾಲೇಜು ಕಬಡ್ಡಿ ಟೀಮಿನ ಕ್ಯಾಪ್ಟನ್.

ಅದಿರಿನ ಲಾರಿ ಹಗಲೂರಾತ್ರಿ ಓಡ್ತಿದ್ದ ಕಾಲ. ಊರಾಗ ಕಂಡಕಂಡವರ ಕೈಯಾಗ ಕ್ಯಾಮೆರಾ ಫೋನು, ನನ್ನ ಕೈಯಾಗೂ ಒಂದು. ಕುರುಗೋಡಿನಾಗ ಟೂರ್ನಮೆಂಟ್ ಇತ್ತು, ಆಟಗಾರರಿಗೆ ಊಟ ಊರಿನ ಮನಿಗಳಾಗ. ನಮಗ ಜಂಬಮ್ಮಜ್ಜಿ ಮನಿ ಬಂತು. ಬಾಯಾಗ ಒಂದು ಹಲ್ಲಿಲ್ಲ, ಸೀರಿ ಮೊಣಕಾಲ ಮಟ ಎತ್ತಿ ಕಟ್ಟಿ ಒಲಿ ಮುಂದ ರೊಟ್ಟಿ ಬಡೀತಿದ್ಲು. ಫೋಟೋ ಹೊಡದೆ. ತಿರುಗಿ ನಕ್ಲು.

ಕಪ್ಪು ಗೆದ್ದು ಬಂದಮ್ಯಾಗ ಸೊಕ್ಕು ನೆತ್ತಿಗೇರಿತ್ತು. ಇಂಟರ್ನೆಟ್ ಸೆಂಟರಿನಾಗ ಕುಂತು ಆ ಫೋಟೋ ಆರ್ಕುಟ್‌ಗೆ ಹಾಕಿ, ಕೆಳಗ ಇಂಗ್ಲಿಷ್ ಅಕ್ಷರದಾಗ ನಮ್ಮ ಕನ್ನಡ ಬರದೆ: ‘ಈ ಮುದುಕಿ ರೊಟ್ಟಿ ಡಿಸ್ಕಸ್ ಥ್ರೋಕ್ಕ ಬರ್ತಾವ. ಇಕಿ ಮಾರಿ ನೋಡೇ ಎದುರಿನ ಟೀಮು ಓಡಿಹೋತು.’ ದೋಸ್ತರು ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ.

ಮರುವರ್ಷ ಮತ್ತ ಕುರುಗೋಡು, ಮತ್ತ ಅದೇ ಮನಿ. ಒಳಗ ಕಾಲಿಟ್ಟರ, ದೇವರ ಫೋಟೋ ಪಕ್ಕಕ್ಕ ನಾ ಆರ್ಕುಟ್‌ಗೆ ಹಾಕಿದ್ದ ಫೋಟೋದ ಪ್ರಿಂಟು, ಕಟ್ಟು ಹಾಕಿಸಿ ನೇತುಹಾಕ್ಯಾಳ! ನಾ ಬರದಿದ್ದೂ ಹಂಗೇ ಐತಿ.

“ಸಿರುಗುಪ್ಪದ ಟೀಮಿನ ಹುಡುಗ್ರು ತಂದು ಕೊಟ್ರಪ್ಪ, ನಕ್ಕೋತ ನಕ್ಕೋತ,” ಅಂದ್ಲು ಅಜ್ಜಿ. “ಕಂಪ್ಯೂಟರಿನಾಗ ಬಂದೀನಂತ! ನೀನೇ ಅಲ್ಲೇನು ಹಾಕಿದ್ದು? ಕೆಳಗ ಏನ್ ಬರದಿ, ನಿನ್ನ ಬಾಯಿಲೇ ಕೇಳಬೇಕು. ಓದು.”

ಫೋಟೋದ ಮುಂದ ಹೋಗಿ ನಿಂತೆ.

ಬಾಗಲದಾಗ ಅಕಿ ಮೊಮ್ಮಗಳು ಶಶಿರೇಖಾ ನಿಂತಿದ್ಲು. ಒಂಬತ್ತನೇತ್ತ ಓದೋ ಹುಡುಗಿ, ಸಾಲಿ ಖೋಖೋ ಟೀಮಿನಾಕಿ. “ಓದಣ್ಣಾ,” ಅಂದ್ಲು. “‘ಈ ಅಜ್ಜಿ ರೊಟ್ಟಿ ತಿಂದು ಗೆದ್ವಿ’ ಅಂತ ಐತೆಲ್ಲ. ನಾ ದಿನಾ ಅಜ್ಜಿಗೆ ಓದಿ ಹೇಳ್ತೀನಿ.”

ಅಕಿ ಹೇಳಿಕೊಟ್ಟಂಗೇ ಓದಿದೆ. ಅಜ್ಜಿ ಮಾರಿ ಅರಳಿತು, ತಾಟಿಗೆ ಇನ್ನೊಂದು ರೊಟ್ಟಿ ಬಿತ್ತು.

ಕೈ ತೊಳಿಯಾಕ ಹೊರಗ ಬಂದ್ರ ಶಶಿರೇಖಾ ನೀರು ಹಾಕಿದ್ಲು. ನನ್ನ ಮಾರಿ ನೋಡಲಿಲ್ಲ.

“ಅಜ್ಜಿ ಬಂದವರಿಗೆಲ್ಲಾ ಓದಾಕ ಹಚ್ತಾಳ. ಇವತ್ತ ಊಟಕ್ಕ ಆಟಗಾರರು ಬರ್ತಾರಂತ ನಾ ಖೋಖೋ ಮ್ಯಾಚ್ ಬಿಟ್ಟು ಮನ್ಯಾಗ ಕುಂತೀನಿ. ಯಾರರ ಖರೇ ಓದಿಬಿಟ್ರ?”

ಥೂ ನನ್ನ ಜನ್ಮಕ್ಕ! “ನಿನ್ನ ಮ್ಯಾಚಿಗೆ ಹೋಗವ್ವಾ,” ಅಂದು ವಾಪಸ್ ಒಳಗ ಹೋದೆ. ಒಲಿ ಮುಂದ ಕುಂತು, ಬರದಿದ್ದನ್ನ ಬರದಂಗ ಓದಿದೆ. ಡಿಸ್ಕಸ್ ಅಂದ್ರ ಕಬ್ಬಿಣದ ಬಿಲ್ಲಿ ಅಂತನೂ ಬಿಡಿಸಿ ಹೇಳಿದೆ. ನಾಚಿಕಿಗೆ ಕಿವಿ ಸುಡ್ತಿದ್ವು.

ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಕೊಂಡ್ಲು. ಬೈತಾಳ, ಕಟಗಿ ತಗೊಂಡು ಬಡೀತಾಳ ಅನ್ಕೊಂಡೆ. ಬಡದಿದ್ರ ಪಾಡಿತ್ತು.

“ರೊಟ್ಟಿ ಬಿರುಸಾಗಿದ್ವೇನಪಾ?” ಅಂದ್ಲು. “ಅವತ್ತೇ ಹೇಳಿದ್ರ ಬ್ಯಾರೆ ಬಿಸಿವು ಮಾಡಿ ಕೊಡ್ತಿದ್ನಲ್ಲೋ.”