ದೇಸಾಯರನ್ನು ಕೊಂದ ಕಂಪೌಂಡರ್

ಸಿರುಗುಪ್ಪದ ಕಂಪೌಂಡರ್ ಚಿನ್ನಪ್ಪ ಇರುವೆಗೂ ನೋವಾಗದಂತೆ ನಡೆಯುವ ಮನುಷ್ಯ. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಡಾಕ್ಟರರ ಔಷಧದಂಗಡಿಯ ಬಾಗಿಲು ತೆರೆದರೆ, ಶಿವನ ಹೆಸರು ಹೇಳದೆ ಒಂದು ಸೀಸೆಗೂ ಕೈ ಹಾಕುತ್ತಿರಲಿಲ್ಲ. ಅಂಥವನು ಆ ವರ್ಷ ಊರಿನ ಕಣ್ಣಿನಲ್ಲಿ ಕೊಲೆಗಾರನಾದ. ಹಾಗೆ ಮಾಡಿದ್ದು ಬಳ್ಳಾರಿಯಿಂದ ಬರುತ್ತಿದ್ದ ಒಂದು ವಾರಪತ್ರಿಕೆ.

ಅದರಲ್ಲಿ ಎರಡು ವರ್ಷದಿಂದ ಪತ್ತೇದಾರಿ ಧಾರಾವಾಹಿಯೊಂದು ನಡೆದಿತ್ತು. ದೇಸಾಯರೊಬ್ಬರು ಒಳಗಿನಿಂದ ಅಗುಳಿ ಹಾಕಿದ ಕೋಣೆಯಲ್ಲಿ ಸತ್ತು ಬಿದ್ದಿದ್ದಾರೆ. ಕೊಂದವರು ಯಾರೋ ತಿಳಿಯದು. ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಪತ್ರಿಕೆ ಬಂದಿತೆಂದರೆ ದರ್ಜಿ ರಾಜೇಸಾಬ್ ಹೊಲಿಗೆ ಮಿಷನ್ನು ನಿಲ್ಲಿಸಿ ಗಟ್ಟಿಯಾಗಿ ಓದುತ್ತಿದ್ದ. ಪುರಾಣಕ್ಕೆ ಕೂತರೆ ತೂಕಡಿಸುವವರೂ ಅವನ ಕಟ್ಟೆಯ ಮೇಲೆ ರೆಪ್ಪೆ ಬಡಿಯುತ್ತಿರಲಿಲ್ಲ. ದೇಸಾಯರಿಗಾಗಿ ಅತ್ತಷ್ಟು ಕಣ್ಣೀರನ್ನು ಹಲವರು ಹೆಣ್ಣು ಕೊಟ್ಟ ಮಾವನಿಗೂ ಸುರಿಸಿರಲಿಲ್ಲ. ಎದುರಿನ ಅಂಗಡಿಯಲ್ಲಿ ಕೂತ ಚಿನ್ನಪ್ಪನಿಗೆ ಎಲ್ಲವೂ ಕೇಳುತ್ತಿತ್ತು.

ಬೇಸಿಗೆಯ ಹೊತ್ತಿಗೆ ಕತೆಯೊಳಕ್ಕೆ ಒಬ್ಬ ಕಂಪೌಂಡರ್ ಬಂದ. ದೇಸಾಯರು ಸತ್ತ ದಿನ ಸಂಜೆ ಅವರಿಗೆ ಕೆಂಪು ಮಿಕ್ಸ್ಚರ್ ಕಲಸಿ ಕೊಟ್ಟು, ಮೀಸೆಯಲ್ಲೇ ನಕ್ಕು ಹೋಗಿದ್ದನಂತೆ. ಅಷ್ಟೇ.

"ಇವನ ನೋಡ್ರಿ ಕೊಂದಾಂವ!" ಎಂದ ಗಾಣದ ಮಾರೆಣ್ಣ. "ಔಷಧ ಕೊಟ್ಟು ನಗೋದಂದ್ರೇನು? ನಮ್ಮ ಚಿನ್ನಪ್ಪನೂ ಹಂಗ ನಗ್ತಾನ."

"ಲೇ ಮಾರ್‍ಯಾ, ಕೊಂದಾಕಿ ಸೊಸಿ. ಕೋಣಿ ಹತ್ರ ಸುಳಿದಾಡಿದಾಕಿ ಆಕಿ ಒಬ್ಬಾಕೀನ. ಓದಿದಾಂವ ನಾನು!" ಎಂದ ರಾಜೇಸಾಬ್.

"ನೀ ಓದಿದರ ಏನಾತು? ಕೇಳಿದವರು ನಾವು!"

ಕೇಳಿದವರೇ ಗೆದ್ದರು. ಮರುದಿನದಿಂದ ಸೀಸೆ ಹಿಡಿದು ಬಂದವರೆಲ್ಲ, "ಮೊದಲು ನೀವು ಒಂದು ಗುಟುಕು ಕುಡೀರಿ, ನೋಡೋಣು" ಅನ್ನತೊಡಗಿದರು. ಊರಿನ ಕೆಮ್ಮು, ಜ್ವರ, ಹೊಟ್ಟೆನೋವಿಗೆಲ್ಲ ಚಿನ್ನಪ್ಪನೇ ಔಷಧ ಕುಡಿದ.

ಅದನ್ನಾದರೂ ಶಿವನ ಪ್ರಸಾದವೆಂದು ನುಂಗುತ್ತಿದ್ದನೇನೋ. ಆದರೆ ಕುರುಗೋಡಿನಲ್ಲಿ ಅವನಿಗೆ ಹೆಣ್ಣು ಗೊತ್ತಾಗಿತ್ತು. ಹುಡುಗಿ ಪಾರಮ್ಮ. ನೋಡಿ ಬಂದ ದಿನದಿಂದ ಅವನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಆ ಮನೆಯ ಯಜಮಾನಿಕೆ ಹುಡುಗಿಯ ಅಜ್ಜಿಯದು. ಅಜ್ಜಿಗೆ ಹೆಸರೇನೋ ಮೂಕಮ್ಮ, ಆಕೆಯ ಮಾತಿಗೆ ಮಾತ್ರ ಓಣಿಯೇ ಹೆದರುತ್ತಿತ್ತು. ಆಕೆಯೂ ವಾರ ತಪ್ಪದೆ ಆ ಕತೆ ಓದಿಸಿ ಕೇಳುವವಳು. ಹೇಳಿ ಕಳಿಸಿದಳು: "ಕತಿ ಮುಗೀಲಿ, ಆಮ್ಯಾಲೆ ವೀಳ್ಯ. ಕಂಪೌಂಡರಗ ಹುಡುಗೀನ ಕೊಟ್ಟು, ನಾಳೆ ಕೊಂದಾಂವ ಕಂಪೌಂಡರನೇ ಅಂತಾದರ ನಾಲ್ಕು ಮಂದಿ ಏನಂದಾರು?"

ಚಿನ್ನಪ್ಪ ಬಸ್ಸು ಹತ್ತಿ ಬಳ್ಳಾರಿಗೆ ಹೋದ. ಕತೆ ಬರೆಯುವ ಚಂದ್ರಣ್ಣನವರ ಮನೆ ಸತ್ಯನಾರಾಯಣಪೇಟೆಯಲ್ಲಿ. ಅವನಿಗಿಂತ ಮೊದಲೇ ಅಲ್ಲಿ ಒಬ್ಬ ಅಕ್ಕಸಾಲಿ, ಒಬ್ಬ ವಕೀಲರ ಗುಮಾಸ್ತ, ಸೊಸೆಯಂದಿರ ಪರವಾಗಿ ಕೌಲ್ ಬಜಾರಿನಿಂದ ಬಂದ ದಾವಲಬೀ ಕೂತಿದ್ದರು.

"ಬರ್ರಿ," ಎಂದರು ಚಂದ್ರಣ್ಣ, ಸೋತ ದನಿಯಲ್ಲಿ. "ಕೊಂದಾಂವ ಅಕ್ಕಸಾಲಿ ಆಗೋದು ಬ್ಯಾಡ, ಗುಮಾಸ್ತ ಬ್ಯಾಡ, ಸೊಸಿ ಬ್ಯಾಡ. ನೀವು ಯಾರನ್ನ ಬ್ಯಾಡ ಅನ್ನಾಕ ಬಂದೀರಿ?"

"ಕಂಪೌಂಡರ್ರಿ."

"ಆತು. ಸತ್ತ ದೇಸಾಯರೊಬ್ಬರು ಏನೂ ಕೇಳಾಕ ಬಂದಿಲ್ಲ ನೋಡ್ರಿ."

"ಕೊಂದವರು ಯಾರಂತ ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತಿದ್ದರ ಎರಡು ವರ್ಷ ಯಾಕ ಬರೀತಿದ್ದೆ?"

ಸ್ವಲ್ಪ ದಿನಕ್ಕೆ ಕಡೆಯ ಕಂತು ಬಂತು. ದೇಸಾಯರು ಎದೆಬಡಿತ ನಿಂತು ಸತ್ತಿದ್ದರು. ಕೊಂದವರು ಯಾರೂ ಇಲ್ಲ. ರಾಜೇಸಾಬ್ ಪತ್ರಿಕೆಯನ್ನು ಮಗುಚಿ, ಹಿಂಬದಿಯ ಹಲ್ಲುಪುಡಿಯ ಜಾಹೀರಾತಿನಲ್ಲೂ ಕೊಲೆಗಾರನನ್ನು ಹುಡುಕಿದ.

"ಇದು ಮೋಸ," ಎಂದ ಮಾರೆಣ್ಣ. "ಯಾರೋ ಬಳ್ಳಾರಿಗೆ ಹೋಗಿ ಕತಿ ಕೆಡಿಸ್ಯಾರ." ಬಸ್ಸು ಹತ್ತಿದವನು ಯಾರೆಂದು ಎಲ್ಲರಿಗೂ ನೆನಪಿತ್ತು.

ಚಿನ್ನಪ್ಪನಿಗೆ ಅದರ ಪರಿವೆ ಇರಲಿಲ್ಲ. ಕಂಪೌಂಡರ್ ನಿರಪರಾಧಿ, ಅಷ್ಟು ಸಾಕು. ಸೋದರಮಾವ ಉಚ್ಚೆಂಗೆಪ್ಪನನ್ನು ಕರೆದುಕೊಂಡು ಕುರುಗೋಡಿಗೆ ಹೋದ. ಮೂಕಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು.

"ಕತಿ ಮುಗೀತಜ್ಜಿ. ಕಂಪೌಂಡರ್ ಕೊಂದಿಲ್ಲ."

"ಹಂಗಾದರ ಕೊಂದವರು ಯಾರು?"

"ಯಾರೂ ಇಲ್ಲಬೇ."

"ಎರಡು ವರ್ಷ!" ಮುದುಕಿ ಎದ್ದು ನಿಂತಳು. "ಹೆಂಚಿನ ಮ್ಯಾಲಿನ ರೊಟ್ಟಿ ಸೀಯಾಕ ಬಿಟ್ಟು ಕೇಳೀನಿ, ಯಾರೂ ಇಲ್ಲಂದ್ರ? ಬಳ್ಳಾರಿಗೆ ಹೋಗಿ ಕತಿ ಕೆಡಿಸಿ ಬಂದಾಂವ ನೀನ ಅಂತ ನಿಮ್ಮೂರ ಮಂದಿ ಅಂತಾರ. ಕೊಂದವರು ಯಾರಂತ ತಿಳೀದ ಈ ಮನ್ಯಾಗ ವೀಳ್ಯ ಇಲ್ಲ. ನಡೀರಿ!"

ಮಾವ ಎದ್ದೇಬಿಟ್ಟ. ಚಿನ್ನಪ್ಪ ಒಳಬಾಗಿಲ ಕಡೆ ನೋಡಿದ. ಪಾರಮ್ಮನೂ ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು. ಗಂಡಿನ ಮುಖ ನೋಡಲಲ್ಲ, ಕೊಲೆಗಾರನ ಹೆಸರು ಕೇಳಲು. ಹುಟ್ಟಿದಾಗಿನಿಂದ ಸುಳ್ಳಾಡದವನು ಕಣ್ಣು ಮುಚ್ಚಿ ದೇವರನ್ನು ಕೇಳಿದ: ತಂದೆ, ಇಲ್ಲದ ದೇಸಾಯರನ್ನು ಕೊಂದರೆ ಪಾಪ ಯಾವ ಕೈಗೆ ಅಂಟುತ್ತದೆ? ದೇವರು ಸುಮ್ಮನಿದ್ದ. ಚಿನ್ನಪ್ಪ ಅದನ್ನು ಅಪ್ಪಣೆಯೆಂದೇ ತಿಳಿದ.

"ನಾನೇ ಕೊಂದೆನಜ್ಜಿ."

ಮಾವನ ಬಾಯಿಂದ ಎಲೆಅಡಿಕೆ ಜಾರಿ ಬಿತ್ತು.

"ಅಂದ್ರ, ಆ ಕಂಪೌಂಡರ್. ದೇಸಾಯರು ಸೊಸಿಗೆ ವಿಷ ಹಾಕಾಕ ತಯಾರಾಗಿದ್ದರು. ಕಂಪೌಂಡರಗ ಗೊತ್ತಾತು. ಸೀಸಿ ಅದಲುಬದಲು ಮಾಡಿದ. ತಮ್ಮ ವಿಷ ತಾವೇ ಕುಡಿದರು."

ಮೂಕಮ್ಮ ಮೆಲ್ಲಗೆ ಕೂತಳು. "ಬಾಗಿಲಾ? ಅಗುಳಿ ಒಳಗಿಂದ ಇತ್ತಲ್ಲ?"

"ದೇಸಾಯರೇ ಹಾಕಿಕೊಂಡಿದ್ದರು. ಸೊಸಿ ಒದ್ದಾಡೋದು ಕಿವಿಗೆ ಬೀಳಬಾರದು ಅಂತ."

"ಅಯ್ಯ, ಸರಿ ಐತಿ ನೋಡು!" ಎಂಬ ದನಿ ಸಂದಿಯಿಂದ ಹಾರಿ ಬಂತು. ಪಾರಮ್ಮನ ಮೊದಲ ಮಾತು ಅವನಿಗೆ ಕೇಳಿಸಿದ್ದು ಹಾಗೆ.

ಮುದುಕಿ ಉಚ್ಚೆಂಗೆಪ್ಪನತ್ತ ತಿರುಗಿದಳು. "ಕೊಂದದ್ದನ್ನ ಬಾಯಿಬಿಟ್ಟು ಹೇಳಿದ. ಸುಳ್ಳಾಡೋ ಗಂಡಲ್ಲ ಇಂವ. ಪಾರೀ, ವೀಳ್ಯದ ತಟ್ಟಿ ತಗೊಂಬಾ."

ತಟ್ಟೆ ಬಂತು. ಚಿನ್ನಪ್ಪ ಅದಕ್ಕೆ ಕೈ ಚಾಚುವಷ್ಟರಲ್ಲಿ ಮೂಕಮ್ಮ ತಡೆದಳು.

"ಒಂದು ಮಾತು ಇರಲಿ. ಲಗ್ನ ಆದಮ್ಯಾಲೆ ನನಗ ಜಡ್ಡಾದರ, ಔಷಧ ಕಲಸಾಕಿ ಪಾರಿ. ನೀ ಅಲ್ಲ."

"ಆಗಲಜ್ಜಿ," ಎಂದು ಚಿನ್ನಪ್ಪ ಕೈಮುಗಿದ.