ಮೋರ್ಸಿಂಗ್ ಮುಟ್ಟದ ಹಲ್ಲು

ಬುರುಲ್ಸುನಳ ಮುಂದಿನ ಹಲ್ಲಿನ ಅಂಚು ಒಡೆದಾಗ ಮನೆಯವರೆಲ್ಲ ದೂರಿದ್ದು ಅವಳ ಮೋರ್ಸಿಂಗನ್ನು. ಮದುವೆ, ತೊಟ್ಟಿಲು ಶಾಸ್ತ್ರ, ಎಲ್ಲಿಗೆ ಕರೆದರೂ ಹೋಗಿ ಆ ಪುಟ್ಟ ಕಬ್ಬಿಣದ ವಾದ್ಯವನ್ನು ಬಾಯಿಗಿಟ್ಟು ನುಡಿಸುತ್ತಿದ್ದಳು. ಈಚೆಗೆ ಬೆಳಿಗ್ಗೆ ಎದ್ದರೆ ದವಡೆ ಬಿಗಿದಿರುತ್ತಿತ್ತು, ಕಣತಲೆ ಸಿಡಿಯುತ್ತಿತ್ತು, ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ನುಂಗಬೇಕಿತ್ತು.

"ದಿನಾ ಕಬ್ಬಿಣ ಕಚ್ಚಿದ್ರೆ ಹಲ್ಲು ಉಳಿಯುತ್ತಾ ಮುದುಕಿ?" ಎಂದ ಗಂಡ ಸೂಯುನ್‌ಬೆಕ್.

ಹಲ್ಲಿನ ವೈದ್ಯೆಗೆ ತೋರಿಸೋಣ, ಆಕೆ ಬೇಡವೆಂದರೆ ನುಡಿಸುವುದನ್ನೇ ಬಿಡುತ್ತೇನೆಂದು ಅವಳು ಮಾತು ಕೊಟ್ಟಳು. ಕೊಟ್ಟ ಮೇಲೆ ಊಟ ಸೇರಲಿಲ್ಲ.

ನರಿನ್ ಪೇಟೆಯ ದಂತವೈದ್ಯೆ ಜಜ್‌ಗುಲ್ ಗಂಡ ಹೆಂಡತಿ ಇಬ್ಬರಿಂದಲೂ ಮೋರ್ಸಿಂಗಿನ ವಿಷಯ ಕೇಳಿಕೊಂಡು, ಬಾಯೊಳಗೆ ಕನ್ನಡಿ ತೂರಿಸಿ ನೋಡಿದಳು. "ಬಾಯಿ ಅಗಲಿಸಿ ಅಕ್ಕಾ. ಇನ್ನೂ... ಅಯ್ಯೋ, ದವಡೆ ಹಲ್ಲೆಲ್ಲ ತಿಕ್ಕಿ ತಿಕ್ಕಿ ಚಪ್ಪಟೆ ಆಗಿದೆಯಲ್ಲ! ಮೋರ್ಸಿಂಗ್ ಎಲ್ಲಿ ಇಡ್ತೀರಿ?"

"ಮುಂದಿನ ಹಲ್ಲಿಗೆ."

"ಕಚ್ಚಿ ಹಿಡೀತೀರಾ?"

"ಕಚ್ಚಿದ್ರೆ ನಾದ ಎಲ್ಲಿಂದ ಬರುತ್ತೆ ತಾಯಿ? ಹಲ್ಲು ಬಿಡಿಸಿಟ್ಟು ಮೆತ್ತಗೆ ಆನಿಸಬೇಕು."

"ಹಾಗಾದ್ರೆ ಹಿಂದಿನ ಹಲ್ಲು ಸವೆಸಿದ್ದು ಯಾರು? ಕಬ್ಬಿಣ ಅಲ್ಲಿಗೆ ಮುಟ್ಟೋದೇ ಇಲ್ಲ." ಅವಳು ಸೂಯುನ್‌ಬೆಕ್‌ನತ್ತ ತಿರುಗಿದಳು. "ಅಣ್ಣಾ, ಇವ್ರು ನಿದ್ದೇಲಿ ಹಲ್ಲು ಕಡೀತಾರಾ?"

ಸೂಯುನ್‌ಬೆಕ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಕಡೀತಾಳೆ. ಕುದುರೆ ಜವೆ ಜಗಿದ ಹಾಗೆ."

"ನೀವ್ಯಾಕೆ ಹೇಳ್ಲಿಲ್ಲ?" ಬುರುಲ್ಸುನ್ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಎದ್ದು ಕೂತಳು.

"ನಿನ್ನಪ್ಪ ಕೊಟ್ಟ ಕುದುರೆನ ನಿನ್ನ ಕೇಳ್ದೆ ಮಾರಿದ್ನಲ್ಲ. ನನ್ನ ಮೇಲೇ ಹಲ್ಲು ಕಡೀತಿದ್ದೀಯ ಅಂದ್ಕೊಂಡೆ. ಮಲಗಿರೋ ನಾಯಿನ ಯಾರಾದ್ರೂ ಎಬ್ಬಿಸ್ತಾರಾ?"

"ನಾಯೀನಾ?"

"ಗಾದೆ ಮಾತಿಗೆ ಅಂದೆ ಮಾರಾಯ್ತಿ."

ಜಜ್‌ಗುಲ್‌ಗೆ ನಗು ತಡೆಯಲಾಗಲಿಲ್ಲ. "ಇದಕ್ಕೆ ಕೋಪಾನೇ ಬೇಕು ಅಂತಿಲ್ಲ ಅಣ್ಣಾ. ನಿದ್ದೇಲಿ ದವಡೆ ತಾನಾಗೇ ಬಿಗಿಯುತ್ತೆ, ಮುಂದಿನ ಹಲ್ಲು ಒಡೆದದ್ದೂ ಅದರಿಂದಲೇ. ಚಿಂತೆ ಇದ್ರೆ, ಕತ್ತಲಾದ ಮೇಲೆ ಕಡು ಚಹಾ ಕುಡಿದ್ರೆ ಜಾಸ್ತಿ. ಕೆಲವರಿಗೆ ಕಾರಣವೇ ಗೊತ್ತಾಗಲ್ಲ. ಪೂರ್ತಿ ನಿಲ್ಲಿಸ್ತೀನಿ ಅಂತ ಹೇಳಲಾರೆ. ಮಲಗೋವಾಗ ಹಾಕ್ಕೊಳ್ಳೋಕೆ ಒಂದು ಕವಚ ಮಾಡಿಕೊಡ್ತೀನಿ, ಹಲ್ಲು ಉಳಿಯುತ್ತೆ. ಹಗಲು ದವಡೆ ಸಡಿಲ ಬಿಡಿ, ಮೇಲಿನ ಹಲ್ಲಿಗೆ ಕೆಳಗಿನದು ತಾಗಬಾರದು."

"ಮೋರ್ಸಿಂಗು?" ಬುರುಲ್ಸುನಳ ಕೈ ಕುರ್ಚಿಯ ಹಿಡಿಯನ್ನು ಬಿಡಲಿಲ್ಲ.

"ಒಡೆದದ್ದನ್ನ ತುಂಬ್ತೀನಿ. ಆಮೇಲೆ ನುಡಿಸಿ. ದವಡೆ ನೋಯೋ ದಿನ ಮಾತ್ರ ಬಿಡಿ."

ಹೊರಗೆ ಬಂದು ಇಬ್ಬರೂ ಸಂತೆಯ ಹೋಟೆಲಿನಲ್ಲಿ ಕುರಿಮಾಂಸದ ಕಡುಬು ತರಿಸಿದರು. ಅವಳು ಒಂದೇ ಕಡೆಯಿಂದ, ನಿಧಾನವಾಗಿ, ಒಂದನ್ನೂ ಬಿಡದೆ ತಿಂದಳು.

"ಹಾಗಾದ್ರೆ ಕುದುರೆ ವಿಷ್ಯಕ್ಕೆ ನಿಂಗೆ ಕೋಪ ಇರ್ಲಿಲ್ಲ?"

"ಇತ್ತು. ಅದನ್ನ ಎಚ್ಚರ ಇದ್ದಾಗ್ಲೇ ಬೈದು ಮುಗಿಸಿದ್ನಲ್ಲ. ಸಾಲ್ದೇ ಹೋಯ್ತಾ?"

"ಸಾಕು ಸಾಕು," ಎಂದು ಸೂಯುನ್‌ಬೆಕ್ ತನ್ನ ತಟ್ಟೆಯ ಕೊನೆಯ ಕಡುಬನ್ನು ಅವಳತ್ತ ತಳ್ಳಿದ.