ಕಿರಿದಾದ ಕಡೆ

ಇದು ಹಗುರವಾಗಿ ತಳ್ಳಿಹಾಕುವ ವಿಷಯವಲ್ಲ, ನನ್ನ ಕೋಟಿನ ಜಿಪ್ಪು ಎದೆಯ ನಡುವೆ ಸಿಕ್ಕಿಕೊಂಡಿದೆ, ಮೇಲಕ್ಕೂ ಹೋಗದು ಕೆಳಕ್ಕೂ ಬಾರದು, ನಮ್ಮ ರಗ್ಬಿ ಕ್ಲಬ್ಬೂ ಬಹಳ ವರ್ಷ ಹೀಗೇ ಇತ್ತು, ಇವತ್ತು ಸೋತರೆ ಮಾತ್ರ ಕೆಳಗಿನ ದರ್ಜೆಗೆ – ಕೋಟು ಹಿಂದಿನ ಕೋಚಿನದು, ಎದೆಯ ಮೇಲೆ ಇನ್ನೂ ಅವನದೇ ಹೆಸರಿನ ಅಕ್ಷರಗಳು, ಅದನ್ನು ಬಿಚ್ಚಿಸಿ ನನ್ನವನ್ನು ಹೊಲಿಸಿ ಎಂದರೆ ಅಧ್ಯಕ್ಷ ಇದ್ವಲ್ ನಗುತ್ತಾನೆ, ಯಾಕೋ ಗೆಥಿನ್ ಅವಸರ, ಈ ಪಂದ್ಯ ಕಳಕೊಂಡ್ರೆ ಕೋಟನ್ನ ಮೊಳೆಗೆ ನೇತುಹಾಕಿ ಮನೆಗೆ ಹೋಗು ಮಾರಾಯ, ದಾರವಾದ್ರೂ ಉಳೀತದೆ – ಇದೇ ಇದ್ವಲ್ ಸ್ಕ್ರಮ್ಮಿನ ಮೊದಲ ಸಾಲಿನಲ್ಲಿ ತಲೆ ತಗ್ಗಿಸಿಕೊಂಡು ನನ್ನ ಬೈಗುಳ ಕೇಳುತ್ತಲೇ ಯೌವನ ಕಳೆದವನು, ಈಗ ಒಂದೊಂದನ್ನೇ ಹಿಂತಿರುಗಿಸುತ್ತಿದ್ದಾನೆ, ತಪ್ಪೇನಿಲ್ಲ, ನನ್ನಂಥ ಒಂಬತ್ತನೇ ನಂಬರಿನವನಿಗೆ ಬಾಯೇ ಬಂಡವಾಳ, ಸ್ಕ್ರಮ್ಮಿನಲ್ಲಿ ಎಂಟು ಹೋರಿಗಳು ಎದುರಿನ ಎಂಟು ಹೋರಿಗಳಿಗೆ ಭುಜ ಕೊಟ್ಟು ತಳ್ಳುವಾಗ ಚೋಟುದ್ದದ ಆಳೊಬ್ಬ ನಡುವೆ ಚೆಂಡು ಉರುಳಿಸಿ, ಹಿಂದಕ್ಕೆ ಓಡಿ, ಅವರ ಕಾಲಡಿಯಿಂದ ಅದನ್ನೆತ್ತಿ ಎಸೆಯಬೇಕು, ಅಷ್ಟೂ ಹೊತ್ತು ಬಯ್ಯುತ್ತಿರಬೇಕು, ನಾನು ಚೆನ್ನಾಗಿ ಬಯ್ಯುತ್ತಿದ್ದೆ ಎಂದು ಪತ್ರಿಕೆಯವರೂ ಬರೆದಿದ್ದರು, ದೇಶದ ತಂಡದ ಕೆಂಪು ಅಂಗಿ ತೊಟ್ಟದ್ದು ಒಂದೇ ಸಲ, ಅದೂ ಬೆಂಚಿನ ಮೇಲೆ, ಪಂದ್ಯ ಮುಗಿಯುವವರೆಗೆ ಯಾರಿಗೂ ನನ್ನ ನೆನಪಾಗಲಿಲ್ಲ, ಅಮ್ಮ ಆ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಗೆಯೋಕೂ ಏನಿಲ್ವಲ್ಲೋ, ನಿಜವಾಗ್ಲೂ ಹೋಗಿದ್ದೆ ತಾನೇ? – ಆಮೇಲೆ ಮೊಣಕಾಲು ಹೋಯಿತು, ಬಾಯಿ ಉಳಿಯಿತು, ಹಾಗೆ ಉಳಿದವರನ್ನು ಕೋಚ್ ಎನ್ನುತ್ತಾರೆ.

ಹದಿನೇಳು–ಹದಿನೈದು, ನಾವೇ ಮುಂದೆ, ಇನ್ನೇನು ಮುಗಿಯಬೇಕು, ಮೈದಾನದ ನಮ್ಮ ತುದಿಯಲ್ಲಿ, ಎಡಬದಿಯ ಗೆರೆಯ ಪಕ್ಕ ಸ್ಕ್ರಮ್, ಚೆಂಡು ನಮ್ಮದು, ಎತ್ತಿ ಗೆರೆಯಾಚೆ ಒದ್ದರೆ ಸಾಕು, ನಮ್ಮ ಒಂಬತ್ತನೆಯವನಾದ ಯೆಸ್ಟಿನ್ ಕೆಸರು ಒರೆಸಿಕೊಂಡು ಬಗ್ಗುತ್ತಾನೆ, ಅವನಿಗೆ ಗೊತ್ತಿದೆ, ಗೊತ್ತಿದೆ ಎನ್ನುವುದು ಅವನ ಬೆನ್ನಿನಲ್ಲೇ ಕಾಣುತ್ತದೆ, ಆದರೂ ನನ್ನ ಬಾಯಿ ತೆರೆದುಕೊಳ್ಳುತ್ತದೆ, ಇದ್ವಲ್ ಮೊಣಕೈಯಿಂದ ತಿವಿದು, ಬಾಯಿ ಮುಚ್ಕೊಂಡಿರೋ, ಅವನ ಪಾಡಿಗೆ ಅವನನ್ನ ಬಿಡು – ಬಿಡುವುದು ಹೇಗೆ, ಗೆರೆಗೆ ಹತ್ತಿರದ ಆ ಕಿರಿದಾದ ಕಡೆ ಅವರಲ್ಲಿ ಯಾರೂ ಇಲ್ಲದೆ ಖಾಲಿ ಬಿದ್ದಿದೆ, ಅಲ್ಲಿ ನಿಂತ ನಮ್ಮ ಹ್ಯೂಗೆ ಒಂದು ಎಸೆತ, ಹ್ಯೂದು ಒಂದು ಒದೆತ, ಮನೆಗೆ ಹೋಗೋಣ, ಹೇಳಿದರೆ ಅಪಾಯವೇನು, ಈ ಎದುರಾಳಿಗಳು ಪೂರ್ವದ ಕಣಿವೆಯವರು, ಇಂಗ್ಲಿಷರ ಗಡಿಯ ಕಡೆಯವರು, ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆಯ ಗಂಧವಿಲ್ಲ, ನಮ್ಮ ಕಾಲದಲ್ಲಿ ಇವರ ಮೂಗಿನ ಕೆಳಗೇ ನಮ್ಮ ವೆಲ್ಷ್ ಭಾಷೆಯಲ್ಲಿ ಎಲ್ಲ ಗುಟ್ಟನ್ನೂ ಕೂಗುತ್ತಿದ್ದೆವು, ಗೇಟಿನ ಮುಂದೆ ನಿಂತ ಕುರಿಗಳ ಹಾಗೆ ನೋಡುತ್ತಿದ್ದರು ಪಾಪ – ಯೆಸ್ಟಿನ್, ಕಿರಿದಾದ ಕಡೆಗೆ, ಹ್ಯೂಗೆ ಕೊಡೋ, ಹ್ಯೂಗೆ! ಅಚ್ಚ ವೆಲ್ಷಿನಲ್ಲಿ, ಅಮ್ಮನ ವೆಲ್ಷಿನಲ್ಲಿ, ಕೂಗಿಬಿಟ್ಟೆ, ಯೆಸ್ಟಿನ್ ತಲೆಯಾಡಿಸಿದ, ಸ್ಕ್ರಮ್ಮಿನ ಆಚೆ ಬದಿಯಲ್ಲಿ ಒಂದು ಕಿವಿ ನನ್ನ ಕಡೆ ತಿರುಗಿತು.

ಅವರ ಒಂಬತ್ತನೆಯವನ ಕಿವಿ, ಚಳಿಗೆ ಕೆಂಪೇರಿ ತಲೆಗೆ ಸುತ್ತಿದ ಟೇಪಿನ ಪಟ್ಟಿಯ ಕೆಳಗಿನಿಂದ ಹೊರಗೆ ಚಾಚಿದ್ದು, ಕುರಿಯ ಕಿವಿಯಂತಿರಲಿಲ್ಲ, ಪಾಠ ಕೇಳುವ ಕಿವಿಯಂತಿತ್ತು – ಆಗ, ಆಗಲೇ, ಮಗಳು ಲೌರಿ ನೆನಪಾಗಬೇಕೆ, ಅದೇ ಪೂರ್ವದ ಕಣಿವೆಯ ವೆಲ್ಷ್ ಶಾಲೆಯಲ್ಲಿ ಟೀಚರು, ಭಾನುವಾರದ ಫೋನಿನಲ್ಲಿ, ಅಪ್ಪ, ಮನೇಲಿ ಒಂದು ಮಾತೂ ಬರದ ಮಕ್ಕಳು, ಈಗ ಜಗಳಾನೂ ವೆಲ್ಷಿನಲ್ಲೇ ಆಡ್ತಾರೆ, ನೀನು ಕೇಳಬೇಕು, ನಾನು ಉಬ್ಬಿಹೋಗಿ, ಕಲಿಸಮ್ಮ, ಒಬ್ಬನನ್ನೂ ಬಿಡಬೇಡ, ಅವಳು ಬಿಡಲಿಲ್ಲ, ಚೆಂಡು ಉರುಳಿತು, ಹೋರಿಗಳು ಬುಸುಗುಟ್ಟಿದವು, ಆ ಹುಡುಗ ಮೆಲ್ಲಗೆ ಕಿರಿದಾದ ಕಡೆಗೆ ಜರುಗಿದ, ಬೇಡ ಎಂದು ಕೂಗಬೇಕಿತ್ತು, ಯಾವ ಭಾಷೆಯಲ್ಲಿ ಕೂಗುವುದು, ಯೆಸ್ಟಿನ್ ಎಸೆದ, ಒಳ್ಳೆಯ ಎಸೆತ, ನಾನು ಕಲಿಸಿದ್ದು, ಹ್ಯೂನ ಕೈಗೆ ಸೇರುವ ಮೊದಲೇ ಹುಡುಗ ಅದನ್ನು ಹಣ್ಣು ಕಿತ್ತ ಹಾಗೆ ಕಿತ್ತು ಓಡಿದ, ಕಂಬಗಳ ನಡುವೆ ಚೆಂಡನ್ನು ನೆಲಕ್ಕೊತ್ತಿ ಮಲಗಿ ಎದ್ದ, ಅವರಿಗೆ ಐದು ಅಂಕ, ವಾಪಸು ಬರುವಾಗ ನನ್ನ ಮುಂದೆ ನಿಧಾನಿಸಿ, ವೆಲ್ಷಿನಲ್ಲೇ, ತುಂಬ ಉಪಕಾರ ಆಯ್ತು ಸರ್, ಲೌರಿ ಟೀಚರ್ ಅವರ ಅಪ್ಪ ತಾನೇ ನೀವು? – ಒಂದು ವ್ಯಾಕರಣ ತಪ್ಪಿಲ್ಲ, ಅಮ್ಮ ಇದ್ದಿದ್ದರೆ ಒಳಗೆ ಕರೆದು ಚಹಾ ಕೊಡುತ್ತಿದ್ದಳು, ಇದ್ವಲ್ ಹುಡುಗನ ಬೆನ್ನು ನೋಡುತ್ತ, ಎಷ್ಟು ಚಂದ ಮಾತಾಡ್ತಾನಲ್ಲೋ, ನಿನಗಿಂತ ಚಂದ, ನಾನೂ ಹೌದೆಂದೆ, ಅವರು ಇನ್ನೆರಡು ಅಂಕಕ್ಕೆ ಕಂಬಗಳ ನಡುವೆ ಒದೆಯಲು ಚೆಂಡು ನೆಡುತ್ತಿದ್ದಾರೆ, ನನಗದು ಕಾಣುತ್ತಿಲ್ಲ, ಸ್ಕ್ರಮ್ಮಿನ ಆಚೆ ತಿರುಗಿದ ಆ ಕಿವಿ, ಕೆಂಪು ಕಿವಿ, ಕೇಳಿಸಿಕೊಳ್ಳುತ್ತಿರುವ ಕಿವಿ –

ಇಪ್ಪತ್ತೆರಡು–ಹದಿನೇಳು. ಕ್ಲಬ್ಬು ಕೆಳಗಿನ ದರ್ಜೆಗೆ ಇಳಿಯಿತು. ನಾನು ಈಗ ಕೋಚ್ ಅಲ್ಲ.